ಬೆನ್ನ ಹಿಂದಿನ ಚಿತ್ರ ಯಾರಿಗಾಗಿ?

ನಮಸ್ಕಾರ. ನೀವು ಮನೆಯಿಂದಲೇ ಕೆಲಸ ಮಾಡುವವರಾದರೆ, ನಿಮ್ಮ ಕೆಲಸದ ಕೋಣೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಇರುವುದರಲ್ಲೇ ಚೆಂದದ ಚಿತ್ರ ಯಾವ ಗೋಡೆಯ ಮೇಲಿದೆ? ಕುರ್ಚಿಯ ಹಿಂದೆ, ಅಲ್ಲವೇ? ವಿಡಿಯೊ ಕರೆಯಲ್ಲಿ ನಿಮ್ಮ ಹೆಗಲ ಮೇಲಿಂದ ಇಣುಕುವಂತೆ ಅಳೆದು ತೂಗಿ ಹಾಕಿರುತ್ತೀರಿ. ಇನ್ನು ನೀವು ದಿನವಿಡೀ ಮುಖ ಮಾಡಿ ಕುಳಿತುಕೊಳ್ಳುವ ಗೋಡೆ? ಅಲ್ಲೊಂದು ಸ್ವಿಚ್ ಬೋರ್ಡ್, ಜೋತುಬಿದ್ದ ಎರಡು ವೈರು.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಆ ಕಾಣದ ಬೆನ್ನಿಗೇ ನಾವು ಸಿಂಗಾರ ಮಾಡುತ್ತಿದ್ದೇವೆ. ನನ್ನ ತಕರಾರು ಇದೇ. ಕರೆಯಲ್ಲಿರುವವರು ನಿಮ್ಮ ಚಿತ್ರವನ್ನು ಬೆರಳುಗುರಿನಷ್ಟು ಗಾತ್ರದಲ್ಲಿ ನೋಡುತ್ತಾರೆ, ಅದೂ ನೋಡಿದರೆ. ಅವರ ಕಣ್ಣು ಇರುವುದು ಅವರದೇ ಮುಖದ ಮೇಲೆ.

ಈ ತಪ್ಪನ್ನು ನಾನೂ ಮಾಡಿದ್ದೇನೆ. ಸಣ್ಣ ಸಣ್ಣ ಗೆರೆಗಳು ಒತ್ತೊತ್ತಾಗಿದ್ದ ಚಿತ್ರವೊಂದನ್ನು ಬೆನ್ನ ಹಿಂದೆ ತೂಗುಹಾಕಿದೆ. ಎದುರು ನಿಂತು ನೋಡಿದರೆ ಸೊಗಸಾಗಿತ್ತು. ಕ್ಯಾಮೆರಾದಲ್ಲಿ ಮಾತ್ರ ಆ ಗೆರೆಗಳೆಲ್ಲ ನೀರಿನಂತೆ ತುಳುಕಾಡತೊಡಗಿದವು. ಕ್ಯಾಮೆರಾದ ಪಿಕ್ಸೆಲ್‌ಗಳ ಸಾಲು ಮತ್ತು ಚಿತ್ರದ ಗೆರೆಗಳ ಸಾಲು ಒಂದಕ್ಕೊಂದು ತಾಳೆಯಾಗದಿದ್ದರೆ ಹೀಗಾಗುತ್ತದೆ. ಅದನ್ನು ಇಳಿಸಿ, ಈ ಬಾರಿ ಎದುರಿನ ಗೋಡೆಗೆ, ದಪ್ಪ ಅಕ್ಷರಗಳಲ್ಲಿ ಹುರುಪಿನ ಮಾತು ಬರೆದಿದ್ದ ಪೋಸ್ಟರ್ ತಂದೆ. ಮೊದಲ ವಾರ ಅದು ನನ್ನನ್ನು ಹುರಿದುಂಬಿಸಿತು, ಎರಡನೆಯ ವಾರ ಗದರಿಸಿತು. ಮೂರನೆಯ ವಾರಕ್ಕೆ ಅದು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಯಿತು. ಅಕ್ಷರವನ್ನು ಒಮ್ಮೆ ಓದಿದರೆ ಮುಗಿಯಿತು. ಕೆಲಸದ ಕೋಣೆಗೆ ಬೇಕಾದದ್ದು ಓದಿ ಮುಗಿಯದ ಚಿತ್ರ. ಪರದೆಯ ತುಂಬ ಅಕ್ಷರಗಳೇ ಇರುವಾಗ ಗೋಡೆಯ ಮೇಲೂ ಅವೇ ಏಕೆ?

ಹಾಗಾದರೆ ಏನನ್ನು ಹಾಕಬೇಕು? ಪ್ರಕೃತಿ ಚಿತ್ರ ಹಾಕಿ, ಮನಸ್ಸು ಹಗುರಾಗುತ್ತದೆ ಎನ್ನುವವರು ಬಹಳ. ಅವರು ನೆಚ್ಚಿಕೊಳ್ಳುವುದು ರೋಜರ್ ಉಲ್ರಿಚ್ 1984ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವನ್ನು. ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರ ದಾಖಲೆಗಳನ್ನು ಅವರು ಹೋಲಿಸಿದರು. 23 ಮಂದಿಗೆ ಕಿಟಕಿಯಿಂದ ಮರಗಳು ಕಾಣುತ್ತಿದ್ದವು, ಇನ್ನು 23 ಮಂದಿಗೆ ಇಟ್ಟಿಗೆ ಗೋಡೆ. ಮರ ಕಂಡವರು ತುಸು ಬೇಗ ಮನೆಗೆ ಹೋದರು, ಬಲವಾದ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. ಒಳ್ಳೆಯ ಅಧ್ಯಯನವೇ. ಆದರೆ ಅಲ್ಲಿದ್ದದ್ದು ಕಿಟಕಿ, ಚಿತ್ರವಲ್ಲ. ಚೌಕಟ್ಟಿನೊಳಗಿನ ಕಾಡು ಔಷಧಿ ಎಂದು ಅದರಿಂದ ಹೇಳಲಾಗದು.

ಕಣ್ಣಿನ ವಿಷಯವೂ ಹಾಗೆಯೇ. ಪರದೆ ನೋಡುವವರು 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂಬ ಸಲಹೆಯನ್ನು ನೀವು ಕೇಳಿರುತ್ತೀರಿ. ಚಿತ್ರದೊಳಗಿನ ಬೆಟ್ಟ ಎಷ್ಟೇ ದೂರದ್ದಾಗಿರಲಿ, ಕಣ್ಣಿನ ಮಟ್ಟಿಗೆ ಅದು ಒಂದು ಮೀಟರ್ ಆಚೆಗಿರುವ ಕಾಗದ. ಆದ್ದರಿಂದ ನಾನು ಹೇಳುವುದು: ಕುಳಿತಲ್ಲಿಂದ ತಲೆ ಎತ್ತಿದರೆ ಕಾಣುವ ಗೋಡೆಗಳಲ್ಲಿ ಅತ್ಯಂತ ದೂರದ್ದು ಯಾವುದೋ ಅಲ್ಲಿ ಹಾಕಿ. ಬಾಗಿಲಾಚೆಯ ಮೊಗಸಾಲೆಯ ಗೋಡೆಯಾದರೂ ಸರಿಯೇ. ಚಿತ್ರವನ್ನು ನೋಡುವ ನೆಪದಲ್ಲಿ ಕಣ್ಣು ಅಷ್ಟು ದೂರ ಹೋಗಿ ಬರುತ್ತದೆ.

ಎತ್ತರದಲ್ಲಂತೂ ಬಹುತೇಕರು ಎಡವುತ್ತಾರೆ. ಚಿತ್ರಶಾಲೆಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 145ರಿಂದ 150 ಸೆಂಟಿಮೀಟರ್ ಎತ್ತರದಲ್ಲಿ ಬರುವಂತೆ ತೂಗುಹಾಕುವುದು ವಾಡಿಕೆ. ಅದು ನಿಂತು ನೋಡುವವರ ಲೆಕ್ಕ. ಕುಳಿತವರ ಕಣ್ಣು 120ರ ಆಸುಪಾಸಿನಲ್ಲಿರುತ್ತದೆ. ಮೊಳೆಯನ್ನು ಇಳಿಸಿ.

ಬಿಸಿಲಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ವ್ಯಾನ್ ಗೋ 1888ರಲ್ಲಿ ತನ್ನ ಮಲಗುವ ಕೋಣೆಯ ಚಿತ್ರ ಬರೆದಾಗ ಗೋಡೆಗಳಿಗೆ ಬಳಿದದ್ದು ತಿಳಿ ನೇರಳೆ. ಪತ್ರದಲ್ಲೂ ಹಾಗೆಂದೇ ಬರೆದಿದ್ದಾನೆ. ಬಣ್ಣದೊಳಗಿನ ಕೆಂಪು ಬೆಳಕಿಗೆ ಮಾಸಿಹೋಗಿ, ಇಂದು ನಾವು ನೋಡುವುದು ನೀಲಿ ಗೋಡೆಗಳನ್ನು. ಆ ಚಿತ್ರಕ್ಕೇ ಆ ಗತಿಯಾದರೆ, ಕಿಟಕಿಯ ಬಿಸಿಲು ನೇರ ಬೀಳುವಲ್ಲಿ ನೀವು ತೂಗಿದ ಮುದ್ರಿತ ಕಾಗದದ ಪಾಡೇನು? ಕಿಟಕಿಗೆ ಎದುರಾಗಿ ಗಾಜಿನ ಚೌಕಟ್ಟು ಹಾಕಿದರೆ ಇನ್ನೊಂದು ತೊಂದರೆಯಿದೆ: ಚಿತ್ರ ಕಾಣುವುದಿಲ್ಲ, ಕಿಟಕಿಯೇ ಕಾಣುತ್ತದೆ. ಹೊಳಪಿಲ್ಲದ ಅಕ್ರಿಲಿಕ್ ಹಾಳೆ ಮೇಲು.

ಚಿತ್ರಕ್ಕಾಗಿ ಅಲೆಯಬೇಕಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯ 2017ರಲ್ಲಿ ಸುಮಾರು 3,75,000 ಚಿತ್ರಗಳನ್ನು ಯಾರು ಬೇಕಾದರೂ ಬಳಸಲೆಂದು ಮುಕ್ತಗೊಳಿಸಿತು. ಆ್ಯಮ್‌ಸ್ಟರ್‌ಡ್ಯಾಮಿನ ರೈಕ್ಸ್ ವಸ್ತುಸಂಗ್ರಹಾಲಯದಿಂದಲೂ ಉಚಿತವಾಗಿ ಪಡೆಯಬಹುದು. ಎ3 ಗಾತ್ರದಲ್ಲಿ ಸ್ಪಷ್ಟವಾಗಿ ಮುದ್ರಿಸಲು ಸುಮಾರು 3,500×5,000 ಪಿಕ್ಸೆಲ್ ಇರಲಿ.

ಮೊಳೆ ಹೊಡೆಯುವ ಮುನ್ನ ಚಿತ್ರದ ಅಳತೆಗೆ ಒಂದು ಹಾಳೆ ಕತ್ತರಿಸಿ ಗೋಡೆಗೆ ಅಂಟಿಸಿ, ಕೆಲವು ದಿನ ಬಿಟ್ಟು ನೋಡಿ. ನನ್ನ ಎದುರಿನ ಗೋಡೆಯಲ್ಲಿ ಈಗ ಇರುವುದು ಅಂಥದ್ದೇ ಒಂದು ಕಂದು ಹಾಳೆ. ಎರಡು ವಾರವಾಯಿತು, ಎರಡು ಸಲ ಕೆಳಗಿಳಿಸಿದ್ದೇನೆ. ಯಾವ ಚಿತ್ರ ಎಂದು ಇನ್ನೂ ತೀರ್ಮಾನವಾಗಿಲ್ಲ. ಈ ವಿಡಿಯೊದಲ್ಲಿ ಅದು ನಿಮಗೆ ಕಾಣುವುದಿಲ್ಲ, ಕ್ಯಾಮೆರಾದ ಹಿಂದಿದೆ.