ಇಳಿಸಿಕೊಂಡ ಪುಸ್ತಕ, ತೆರೆಯದ ಪುಟ

ಕೇಳುಗರೆಲ್ಲರಿಗೂ ನಮಸ್ಕಾರ.

ತುಮಕೂರಿನಿಂದ ಬೆಂಗಳೂರಿಗೆ ದಿನವೂ ರೈಲಿನಲ್ಲಿ ಹೋಗಿಬರುವ ನನಗೆ ಪಕ್ಕದವರ ಮೊಬೈಲಿನ ಮೇಲೆ ಕಣ್ಣು ಹಾಯಿಸುವ ಚಾಳಿಯಿದೆ. ಸಭ್ಯತೆಯಲ್ಲವೆಂದು ಗೊತ್ತಿದ್ದರೂ ಬಿಟ್ಟಿಲ್ಲ. ಕ್ಯಾತ್ಸಂದ್ರ ದಾಟುವ ಮೊದಲೇ ಯಾರಾದರೊಬ್ಬರು ವಾಟ್ಸ್ಆ್ಯಪ್ ಗುಂಪಿಗೆ ಬಂದ ಕಾದಂಬರಿಯ ಪಿಡಿಎಫ್ ಇಳಿಸಿಕೊಂಡು, ಮುಖಪುಟ ನೋಡಿ, ಇನ್ನೊಂದು ಗುಂಪಿಗೆ ದಾಟಿಸಿ ಮುಚ್ಚಿಬಿಡುತ್ತಾರೆ. ಹಿರೇಹಳ್ಳಿಯ ಹೊತ್ತಿಗೆ ಅವರು ಕ್ರಿಕೆಟ್ ನೋಡುತ್ತಿರುತ್ತಾರೆ. ಅವರನ್ನು ಆಡಿಕೊಳ್ಳುವ ಯೋಗ್ಯತೆ ನನಗಿಲ್ಲ, ಏಕೆಂದರೆ ನನ್ನ ಮೊಬೈಲಿನಲ್ಲೂ ಹೀಗೆ ಕೂಡಿಟ್ಟ 300ಕ್ಕೂ ಹೆಚ್ಚು ಪುಸ್ತಕಗಳಿದ್ದು, ಹತ್ತನೆಯ ಪುಟ ದಾಟಿದವು ಬೆರಳೆಣಿಕೆಯಷ್ಟು.

ಇದಕ್ಕೆ ಸೋಮಾರಿತನವೊಂದೇ ಕಾರಣವೆನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನನ್ನ ಕೈಗೆ ಬಂದಿರುವ ಕನ್ನಡದ ಉಚಿತ ಪುಸ್ತಕಗಳಲ್ಲಿ ಬಹುಪಾಲು ಹಳೆಯ ಮುದ್ರಣದ ಸ್ಕ್ಯಾನ್ ಪ್ರತಿಗಳು. ಅಂದರೆ ಪ್ರತಿ ಪುಟವೂ ಒಂದು ಚಿತ್ರ. ಅಕ್ಷರವನ್ನು ದೊಡ್ಡದು ಮಾಡಿದರೆ ಸಾಲು ಪರದೆಯಾಚೆಗೆ ಓಡುತ್ತದೆ, ಅದನ್ನು ಮುಗಿಸಲು ಒಂದು ಕಡೆಗೂ ಮುಂದಿನ ಸಾಲನ್ನು ಹಿಡಿಯಲು ಮತ್ತೊಂದು ಕಡೆಗೂ ಎಳೆಯಬೇಕು. ಅಲುಗಾಡುವ ಬೋಗಿಯಲ್ಲಿ ನಿಂತವರ ತಾಳ್ಮೆ ಎಷ್ಟು ಪುಟ ಬಂದೀತು? ಟೈಪು ಮಾಡಿ ಸಿದ್ಧಪಡಿಸಿದ ಇ-ಪಬ್ ಎಂಬ ಇ-ಪುಸ್ತಕ ರೂಪದ ಪ್ರತಿಯಲ್ಲಾದರೆ ಸಾಲುಗಳು ಪರದೆಯ ಅಗಲಕ್ಕೆ ತಾವೇ ಹೊಂದಿಕೊಳ್ಳುತ್ತವೆ, ಬೇಕಾದ ಪದವನ್ನು ಹುಡುಕಲೂ ಬರುತ್ತದೆ. 1971ರಲ್ಲಿ ಅಮೆರಿಕದ ಮೈಕೆಲ್ ಹಾರ್ಟ್ ಉಚಿತ ಇ-ಪುಸ್ತಕಗಳ ಯೋಜನೆಯಾದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಆರಂಭಿಸಿದಾಗ ತಮ್ಮ ದೇಶದ ಸ್ವಾತಂತ್ರ್ಯ ಘೋಷಣೆಯನ್ನು ಟೈಪು ಮಾಡಿಯೇ ಕಂಪ್ಯೂಟರಿಗೆ ಸೇರಿಸಿದ್ದರು. ಆ ಯೋಜನೆಯ ಪುಸ್ತಕಗಳು ಇಂದಿನ ಪುಟ್ಟ ಪರದೆಗೂ ಒಗ್ಗುವುದು ಅಕ್ಷರರೂಪದಲ್ಲಿರುವುದರಿಂದಲೇ.

ಉಚಿತವಾಗಿ ಸಿಕ್ಕಿದ್ದೆಲ್ಲ ಹಕ್ಕುಮುಕ್ತವೆಂಬ ನಂಬಿಕೆಯೂ ನಮ್ಮಲ್ಲಿದೆ. 1957ರ ಕೃತಿಸ್ವಾಮ್ಯ ಕಾಯಿದೆ ಈಗಿರುವ ರೂಪದಲ್ಲಿ, ಲೇಖಕರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕೃತಿಗಳ ಹಕ್ಕು ಅವರು ತೀರಿಕೊಂಡ ಮರುವರ್ಷದಿಂದ 60 ವರ್ಷ ಉಳಿಯುತ್ತದೆ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ.ಶ್ರೀ ಅವರು 1946ರಲ್ಲಿ ತೀರಿಕೊಂಡದ್ದರಿಂದ ಅಂಥ ಬರಹಗಳು 2007ರಿಂದ ಎಲ್ಲರ ಸ್ವತ್ತು. ಕೋಲಾರ ಸೀಮೆಯ ಮಾಸ್ತಿಯವರು ತೀರಿಕೊಂಡದ್ದು 1986ರಲ್ಲಿ, ಆದ್ದರಿಂದ ಅವರ ಕೃತಿಗಳ ಹಕ್ಕು 2046ರ ಕೊನೆಯವರೆಗೂ ಇದೆ. ವಾಟ್ಸ್ಆ್ಯಪ್ ಗುಂಪುಗಳಲ್ಲಿ ಮಾತ್ರ ಇಬ್ಬರೂ ಒಂದೇ ವೇಗದಲ್ಲಿ ಓಡಾಡುತ್ತಾರೆ.

ಹಕ್ಕಿನ ಅವಧಿ ಮುಗಿದ ಪುಸ್ತಕಗಳನ್ನು ಅಂತರ್ಜಾಲದ ಉಚಿತ ಗ್ರಂಥಾಲಯವಾದ ಕನ್ನಡ ವಿಕಿಸೋರ್ಸ್‌ನಲ್ಲಿ ಪುಟದ ಚಿತ್ರ ಒಂದು ಬದಿಗೆ, ಟೈಪಾದ ಅಕ್ಷರಗಳು ಇನ್ನೊಂದು ಬದಿಗೆ ಕಾಣುವಂತೆ ಇಟ್ಟಿರುತ್ತಾರೆ. ಆಸಕ್ತಿಯಿರುವ ಯಾರು ಬೇಕಾದರೂ ತಿದ್ದಬಹುದು. ಹೋದ ಬೇಸಿಗೆಯಲ್ಲಿ ನಾನೂ ಅಂಥದೊಂದಕ್ಕೆ ಕುಳಿತೆ. ದೀರ್ಘ, ಒತ್ತಕ್ಷರ ತಪ್ಪೀತೆಂಬ ಭಯಕ್ಕೆ ಸಾಲುಸಾಲನ್ನೂ ಎರಡು ಸಲ ನೋಡಬೇಕಾಯಿತು. ಪುಕ್ಕಟೆಯಾಗಿ ಸಿಕ್ಕ ಪುಸ್ತಕಗಳ ಪೈಕಿ ನಾನು ಮೊದಲಿನಿಂದ ಕೊನೆಯವರೆಗೆ ಓದಿರುವುದು ಅದೊಂದನ್ನೇ.