ಹೈಡ್ರೋಜನ್ ಸಿಲಿಂಡರ್: ಆಕ್ಸಿಜನ್ ಮೇಲೆ ಕಲಿತ ರೂಢಿ ಇಲ್ಲಿ ಬೇಡ

[ದೃಶ್ಯ: ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶ. ಗೂಡ್ಸ್ ಗಾಡಿಯಿಂದ ಸಿಲಿಂಡರ್ ಇಳಿಸುತ್ತಿದ್ದಾರೆ.]

ನಮಸ್ಕಾರ. ತಾರಿಹಾಳ, ಗೋಕುಲ ರೋಡ್ ಕಡೆ ಕೆಲಸ ಮಾಡುವವರಿಗೆ ಗ್ಯಾಸ್ ಸಿಲಿಂಡರ್ ಹೊಸದೇನಲ್ಲ. ಆಕ್ಸಿಜನ್‌ಗೆ ರೆಗ್ಯುಲೇಟರ್ ಕೂರಿಸುವ ಮುಂಚೆ ವಾಲ್ವ್ ಚೂರು ತೆರೆದು 'ಪುಸ್' ಅನ್ನಿಸುತ್ತಾರೆ, ಧೂಳು ಹಾರಲಿ ಅಂತ. ಹೈಡ್ರೋಜನ್‌ಗೆ ಇದನ್ನು ಯಾವತ್ತೂ ಮಾಡಬೇಡಿ. ಯಾರೂ ಕಡ್ಡಿ ಗೀರದಿದ್ದರೂ ನುಗ್ಗಿ ಬಂದ ಗ್ಯಾಸ್ ತಾನೇ ಹೊತ್ತಿಕೊಳ್ಳಬಹುದು.

ಅದಕ್ಕೆ ಬೇಕಾದ ಕಿಡಿ ಬರೀ 0.02 ಮಿಲಿಜೂಲ್. ನೈಲಾನ್ ಬಟ್ಟೆ 'ಚಟ್' ಅಂದಾಗ ಬರುವ ಕಿಡಿಯಲ್ಲೇ ಅದಕ್ಕಿಂತ ಜಾಸ್ತಿ ಶಕ್ತಿ ಇರುತ್ತದೆ! ಎಲ್‌ಪಿಜಿ ಗಾಳಿಯಲ್ಲಿ ಸುಮಾರು ಶೇ. 2ರಿಂದ 10ರಷ್ಟು ಬೆರೆತಿದ್ದಾಗ ಹೊತ್ತಿಕೊಳ್ಳುತ್ತದೆ. ಹೈಡ್ರೋಜನ್‌ಗೆ ಶೇ. 4ರಿಂದ 75. ವಾಸನೆ ಇಲ್ಲ, ಬಣ್ಣ ಇಲ್ಲ. ಮನೆಯ ಗ್ಯಾಸ್ ಸೋರಿದರೆ ಮೂಗಿಗೆ ತಿಳಿಯುತ್ತದೆ, ಇದು ತಿಳಿಯುವುದಿಲ್ಲ. ಹಗಲಲ್ಲಿ ಉರಿಯೂ ಕಣ್ಣಿಗೆ ಬೀಳುವುದಿಲ್ಲ. ಉರಿ ಇದೆಯಾ ನೋಡಲು ಉದ್ದನೆ ಕಸಬರಿಗೆಯನ್ನು ಮುಂದೆ ಹಿಡಿದು ನಡೆಯುವ ಪದ್ಧತಿ ಹುಟ್ಟಿದ್ದೇ ಇದಕ್ಕೆ.

[ದೃಶ್ಯ: ವಾಲ್ವ್, ಹೋಸ್, ಜಾಯಿಂಟ್ ಹತ್ತಿರದಿಂದ]

ಅಪಾಯ ಜಾಸ್ತಿ ಇರುವುದು ಜಾಯಿಂಟ್‌ನಲ್ಲಿ. 2019ರ ಜೂನ್ 10ರಂದು ನಾರ್ವೆಯಲ್ಲಿ, ಓಸ್ಲೋ ಹತ್ತಿರದ ಹೈಡ್ರೋಜನ್ ಬಂಕ್ ಸ್ಫೋಟಗೊಂಡಿತು. ತನಿಖೆಯಲ್ಲಿ ಸಿಕ್ಕ ಕಾರಣ: ಟ್ಯಾಂಕಿನ ಒಂದು ಪ್ಲಗ್‌ನ ಬೋಲ್ಟ್‌ಗಳನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ. ಅಷ್ಟೇ.

ಹಾಗಾಗಿ ಟ್ಯೂಬ್ ಟ್ರೇಲರ್‌ನಿಂದ (ಉದ್ದನೆಯ ಸಿಲಿಂಡರ್‌ಗಳನ್ನು ಜೋಡಿಸಿದ ಗಾಡಿ) ಗ್ಯಾಸ್ ಇಳಿಸುವಾಗ ಮೊದಲು ಗಾಡಿಗೆ ಅರ್ಥಿಂಗ್. ಆಮೇಲೆ ಹೋಸ್‌ನಲ್ಲಿರುವ ಗಾಳಿಯನ್ನು ನೈಟ್ರೋಜನ್ ಬಿಟ್ಟು ಹೊರಹಾಕಬೇಕು, ಇಲ್ಲದಿದ್ದರೆ ಒಳಗೇ ಸ್ಫೋಟಕ ಮಿಶ್ರಣ ತಯಾರಾಗುತ್ತದೆ. ವಾಲ್ವ್ ನಿಧಾನ ತೆರೆಯಿರಿ. ಜಾಯಿಂಟ್‌ಗೆ ಸೋಪಿನ ನೀರು ಹಚ್ಚಿ ನೋಡಿ. ಹೈಡ್ರೋಜನ್ ಸಿಲಿಂಡರ್‌ನ ವಾಲ್ವ್‌ಗೆ ಉಲ್ಟಾ (ಎಡಕ್ಕೆ ತಿರುಗಿಸಿ ಬಿಗಿ ಮಾಡುವ) ಥ್ರೆಡ್ ಕೊಟ್ಟಿರುವುದೇ ಆಕ್ಸಿಜನ್ ರೆಗ್ಯುಲೇಟರ್ ಇದಕ್ಕೆ ಕೂರಬಾರದು ಅಂತ. ಅಡಾಪ್ಟರ್ ಹಾಕಿ ಒತ್ತಾಯ ಮಾಡಬೇಡಿ.

ಇನ್ನು ಸಾಗಣೆ. ತುಂಬಿದ ಸಿಲಿಂಡರ್‌ನಲ್ಲಿ ಸುಮಾರು 150 ಬಾರ್, ಅಂದರೆ ನಮ್ಮ ಸುತ್ತಲ ಗಾಳಿಯ ಸುಮಾರು 150 ಪಟ್ಟು ಒತ್ತಡ ಇರುತ್ತದೆ, ಗ್ಯಾಸ್‌ನ ತೂಕ ಮಾತ್ರ ಅರ್ಧ ಕೆಜಿ ಆಸುಪಾಸು. ಬಿದ್ದು ವಾಲ್ವ್ ಮುರಿದರೆ ಅದು ರಾಕೆಟ್ಟೇ. ಕ್ಯಾಪ್ ಹಾಕದೆ ಕದಲಿಸಬೇಡಿ, ನೆಲದ ಮೇಲೆ ಉರುಳಿಸಬೇಡಿ. ನಿಲ್ಲಿಸಿ, ಸರಪಳಿಯಿಂದ ಕಟ್ಟಿ. ಬೈಕ್ ಮೇಲೆ ಒಯ್ಯುವುದಕ್ಕೆ ಗ್ಯಾಸ್ ಸಿಲಿಂಡರ್ ನಿಯಮಗಳಲ್ಲೇ ಅವಕಾಶ ಇಲ್ಲ. ಧಾರವಾಡ ಬೈಪಾಸಿನಲ್ಲಿ ಬಿಸಿಲು ಅಂತ ಗಾಡಿಯನ್ನು ತಾಡಪತ್ರಿಯಿಂದ ಪೂರ್ತಿ ಮುಚ್ಚಲೂಬೇಡಿ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ, ಬಯಲಲ್ಲಿ ಬೇಗ ಮೇಲೇರಿ ಚದುರುತ್ತದೆ. ತಾಡಪತ್ರಿ ಕೆಳಗೆ, ತಗಡಿನ ಶೆಡ್ಡಿನ ಮಾಡಿನಲ್ಲಿ ಮಾತ್ರ ಸೇರಿಕೊಂಡು ಕೂರುತ್ತದೆ.

ಬೆಂಕಿ ಹತ್ತಿದರೆ? ಗ್ಯಾಸ್ ಬಂದ್ ಮಾಡಲು ಆಗದಿದ್ದರೆ ಉರಿ ಆರಿಸಬೇಡಿ. ಆರಿಸಿದ ಮೇಲೂ ಸೋರುತ್ತಲೇ ಇದ್ದರೆ ಗ್ಯಾಸ್ ಕೂಡಿಕೊಂಡು ಸ್ಫೋಟವಾಗುತ್ತದೆ. ಜನರನ್ನು ದೂರ ಕಳಿಸಿ 112ಕ್ಕೆ ಫೋನ್ ಮಾಡಿ, ಮೊದಲ ಮಾತಿನಲ್ಲೇ 'ಹೈಡ್ರೋಜನ್' ಅಂತ ಹೇಳಿ. ಪಕ್ಕದ ಸಿಲಿಂಡರ್‌ಗಳಿಗೆ ದೂರದಿಂದ ನೀರು ಹೊಡೆಯುವ ಕೆಲಸವನ್ನು ಅಗ್ನಿಶಾಮಕದವರಿಗೇ ಬಿಡಿ.