ಹಿಮದಲ್ಲಿ ಬಿದ್ರೆ ಪೆಟ್ಟು ಮಂಡಿಗೆ ಯಾಕೆ?

ಕೇಳುಗರಿಗೆಲ್ಲ ನಮಸ್ಕಾರ. ಮಡಿಕೇರಿಯಲ್ಲಿ ಕೂತ್ಕೊಂಡು ಸ್ಕೀಯಿಂಗ್ ಬಗ್ಗೆ, ಅಂದ್ರೆ ಕಾಲಿಗೆ ಉದ್ದ ಹಲಗೆ ಕಟ್ಟಿ ಹಿಮದಲ್ಲಿ ಜಾರೋದ್ರ ಬಗ್ಗೆ ಮಾತಾಡ್ತೀನಿ ಅಂದ್ರೆ ನಗ್ತೀರ, ನಗಿ ಪರ್ವಾಗಿಲ್ಲ, ನಮ್ಮಲ್ಲಿ ಬೀಳೋದು ಮಳೆ, ಅಬ್ಬಬ್ಬಾ ಅಂದ್ರೆ ಆಲಿಕಲ್ಲು. ಆದ್ರೆ ನಾನು ವಿರಾಜಪೇಟೆ ಕಡೆ ಫಿಸಿಯೋಥೆರಪಿ ಮಾಡೋನು, ಮೊದ್ಲೆಲ್ಲ ಜನವರಿ ಫೆಬ್ರವರಿಯಲ್ಲಿ ನನ್ನ ಹತ್ರ ಬರ್ತಿದ್ದೋರು ಕಾಫಿ ಕುಯ್ಯುವಾಗ ಬರೆಯಲ್ಲಿ ಜಾರಿದೋರು, ಹಾಕಿ ಪ್ರಾಕ್ಟೀಸಲ್ಲಿ ಮಂಡಿ ತಿರುಚ್ಕೊಂಡ ಹುಡುಗ್ರು, ಈಗ ಅವ್ರ ಜೊತೆ ಗುಲ್ಮಾರ್ಗ್, ಔಲಿ, ಮನಾಲಿ ಹತ್ರದ ಸೋಲಂಗ್ ಅಂತೆಲ್ಲ ಹೋಗಿ ಕಾಲು ಎಳ್ಕೊಂಡು ಬರೋರೂ ಸೇರ್ಕೊಂಡಿದ್ದಾರೆ. ಬೆಂಗಳೂರಲ್ಲಿ ಕೆಲ್ಸ ಮಾಡೋ ಮಕ್ಕಳು ರಜೆ ಸಿಕ್ಕಿದ್ರೆ ಸಾಕು ಉತ್ತರಕ್ಕೆ ಹಾರ್ತಾರೆ. ಮಿಲಿಟರಿ ಮನೆಗಳಂತೂ ನಮ್ಮ ಜಿಲ್ಲೆಯಲ್ಲಿ ಕೇಳ್ಬೇಕಾ, ಗುಲ್ಮಾರ್ಗ್‌ನಲ್ಲಿ ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಇದೆ, ಅಲ್ಲಿ ಕಾಲಿಗೆ ಸ್ಕೀ ಕಟ್ಟಿ ಟ್ರೇನಿಂಗ್ ಮುಗ್ಸಿದ ಚಿಕ್ಕಪ್ಪ ಮಾವಂದಿರು ಎಷ್ಟೋ ಮನೇಲಿ ಸಿಗ್ತಾರೆ. ಅಷ್ಟೇ ಅಲ್ಲ, ನಮ್ಮ ತೆಕ್ಕಡ ಭವಾನಿ ಖೇಲೋ ಇಂಡಿಯಾ ವಿಂಟರ್ ಗೇಮ್ಸ್‌ನಲ್ಲಿ ಕರ್ನಾಟಕಕ್ಕೆ ಮೆಡಲ್ ತಂದ್ಕೊಟ್ಟಿದ್ದಾರೆ, ಅದೂ ಹಿಮದ ಮುಖ ನೋಡದ ಊರಿಂದ ಹೋಗಿ.

ಭವಾನಿಯವರದ್ದು ಕ್ರಾಸ್ ಕಂಟ್ರಿ, ಹಿಮದ ಮೇಲೆ ದೂರಕ್ಕೆ ಸಾಗೋ ಸ್ಕೀಯಿಂಗ್, ಅದ್ರಲ್ಲಿ ಬೂಟ್ ಮೆತ್ತಗೆ, ಹಿಮ್ಮಡಿ ಮೇಲೆ ಏಳತ್ತೆ, ಸ್ಕೀಗೆ ಕಚ್ಚಿರೋದು ಬೆರಳ ಹತ್ರ ಮಾತ್ರ, ಹಂಗಾಗಿ ಮಂಡಿಗೆ ಅಷ್ಟು ಕಷ್ಟ ಇಲ್ಲ. ಟೂರಿಸ್ಟ್‌ಗಳು ಮಾಡೋದು ಅದಲ್ಲ, ಇಳಿಜಾರಲ್ಲಿ ಜಾರೋದು, ಅದ್ರಲ್ಲಿ ಮುಂಗಾಲು ಹಿಮ್ಮಡಿ ಎರಡೂ ಸ್ಕೀಗೆ ಲಾಕ್. ನಾನು ಹೇಳೋ ಪೆಟ್ಟೆಲ್ಲ ಹೆಚ್ಚುಕಮ್ಮಿ ಈ ಲಾಕ್‌ನಿಂದಲೇ ಶುರುವಾಗತ್ತೆ.

ಹಳೇ ಕಾಲದಲ್ಲಿ ಚರ್ಮದ ಬೂಟ್ ಇತ್ತು, ಗಿಡ್ಡ ಇತ್ತು, ಬಿದ್ರೆ ಪಾದದ ಗಂಟು ಮುರೀತಿತ್ತು. 1960ರ ದಶಕದಲ್ಲಿ ಪ್ಲಾಸ್ಟಿಕ್ ಬೂಟ್ ಬಂತು, ಬರ್ತಾ ಬರ್ತಾ ಎತ್ತರ ಆಯ್ತು, ಗಟ್ಟಿ ಆಯ್ತು, ಗಂಟು ಬಚಾವಾಯ್ತು, ಎಲ್ರೂ ಖುಷಿ ಪಟ್ರು. ಆದ್ರೆ ಬೀಳೋ ಜೋರು ಎಲ್ಲಿ ಹೋಗ್ಬೇಕು ಹೇಳಿ? ಬೂಟ್ ಮುಗಿಯೋ ಜಾಗದಲ್ಲಿ ಕಾಲಿನ ಮೂಳೆಗೆ ಹೋಗತ್ತೆ, ಇಲ್ಲಾಂದ್ರೆ ಅದ್ರ ಮೇಲಿನ ಮಂಡಿಗೆ. ಈಗ ಸ್ಕೀಯಿಂಗ್‌ನಲ್ಲಿ ದೊಡ್ಡೋರಿಗೆ ಆಗೋ ಪೆಟ್ಟಲ್ಲಿ ಮಂಡಿದೇ ಮೊದ್ಲ ಸ್ಥಾನ. ಹಾರೆ ಉದ್ದ ಇದ್ದಷ್ಟೂ ಕಲ್ಲು ಸಲೀಸಾಗಿ ಮೇಲೇಳತ್ತಲ್ಲ, ಕಾಲಿಗೆ ಕಟ್ಟಿದ ಸ್ಕೀ ಅದೇ ಕೆಲ್ಸವನ್ನ ನಿಮ್ಮ ಮಂಡಿ ಮೇಲೆ ಮಾಡತ್ತೆ.

ಹೊಸಬರಿಗೆ ಮೊದ್ಲು ಹೇಳ್ಕೊಡೋದು ಸ್ಕೀ ತುದಿಗಳನ್ನ ಒಳಗೆ ತಂದು ಹಿಂದಿನ ಬಾಲ ಅಗಲಿಸಿ ಬ್ರೇಕ್ ಹಾಕೋದು. ಅದ್ರಲ್ಲಿ ಒಂದು ಸ್ಕೀ ಹೊರಗಡೆ ಜಾರ್ಕೊಂಡು ಹೋಯ್ತು ಅಂದ್ರೆ ಮಂಡಿ ಒಳಗೆ ಬಾಗತ್ತೆ, ಒಳಪಕ್ಕದ ಲಿಗಮೆಂಟ್, ಅಂದ್ರೆ ಮೂಳೆ ಮೂಳೆ ಹಿಡಿದಿಡೋ ಪಟ್ಟಿ, ಎಳೆಯತ್ತೆ, ಅದನ್ನ ಡಾಕ್ಟ್ರು ಎಂಸಿಎಲ್ ಅಂತಾರೆ. ಇದು ನೋವು ಕೊಡತ್ತೆ ಆದ್ರೆ ಒಳ್ಳೇ ಲಿಗಮೆಂಟ್, ಅದ್ರ ಪಾಡಿಗೆ ಕೂಡ್ಕೊಳ್ಳತ್ತೆ, ಬಹಳಷ್ಟು ಜನಕ್ಕೆ ಒಂದು ಬ್ರೇಸ್, ಸ್ವಲ್ಪ ವಾರ ಎಕ್ಸರ್‌ಸೈಸ್, ಆಪರೇಷನ್ ಬೇಕಾಗಲ್ಲ.

ಎಸಿಎಲ್ ಕಥೆ ಬೇರೆ. ಅದು ಮಂಡಿ ನಡುವೆ ಒಳಗೆ ಇರೋ ಲಿಗಮೆಂಟ್, ಹರಿದ್ರೆ ತಾನಾಗಿ ಸರಿಯಾಗಿ ಕೂಡ್ಕೊಳ್ಳೋದು ಕಮ್ಮಿ. ಮಜಾ ಏನಂದ್ರೆ, ಮಜಾ ಅನ್ಬಾರ್ದು, ಸ್ಪೀಡಲ್ಲಿ ಹಾರಿ ಬಿದ್ದೋರಿಗಿಂತ ನಿಧಾನಕ್ಕೆ ಹಿಂದಕ್ಕೆ ಕುಸಿದೋರಿಗೆ ಇದು ಆಗೋದು ನೋಡಿದ್ರೆ ಜನಕ್ಕೆ ನಂಬೋಕಾಗಲ್ಲ. ಬ್ಯಾಲೆನ್ಸ್ ತಪ್ಪತ್ತೆ, ಕೈ ಹಿಂದೆ ಹೋಗತ್ತೆ, ಸೊಂಟ ಮಂಡಿಗಿಂತ ಕೆಳಗೆ ಇಳಿಯತ್ತೆ, ಭಾರ ಎಲ್ಲ ಇಳಿಜಾರಿನ ಕಡೆ ಇರೋ ಕಾಲಿನ ಸ್ಕೀಯ ಹಿಂಭಾಗದ ಒಳ ಅಂಚಿಗೆ ಬರತ್ತೆ, ಆ ಅಂಚು ಹಿಮ ಕಚ್ಚಿ ಗಬಕ್ಕನೆ ಒಳಗೆ ತಿರುಗತ್ತೆ, ಅದ್ರ ಜೊತೆ ಕಾಲೂ ತಿರುಗತ್ತೆ, ಮೇಲಿನ ಮೈ ಮಾತ್ರ ಅಲ್ಲೇ ಇರತ್ತೆ. ಟಪ್ ಅಂತ ಒಂದು ಸದ್ದು, ಕೆಲವ್ರಿಗೆ ಕೇಳತ್ತೆ, ಕೆಲವ್ರಿಗೆ ಒಳಗೇ ಅನುಭವ ಆಗತ್ತೆ, ಒಂದೆರಡು ಗಂಟೆಯಲ್ಲಿ ಮಂಡಿ ಊದ್ಕೊಳ್ಳತ್ತೆ. ಇಲ್ಲಿ ಜನ ಮಾಡೋ ಕೆಲ್ಸ ಏನು ಗೊತ್ತಾ, ಬೀಳ್ತಾ ಇರೋವಾಗಲೇ ಬೀಳಬಾರ್ದು ಅಂತ ಒದ್ದಾಡೋದು, ಜಾರ್ತಾ ಇದ್ದಂಗೇ ಎದ್ದು ನಿಲ್ಲೋಕೆ ನೋಡೋದು, ಎಲ್ರೂ ನೋಡ್ತಾರಲ್ಲ ಅಂತ. ಅಮೆರಿಕದ ವರ್ಮಾಂಟ್‌ನ ಸಂಶೋಧಕರು ಬಿದ್ದವರ ವಿಡಿಯೋಗಳನ್ನ ನೋಡಿ ನೋಡಿ 1990ರ ದಶಕದಲ್ಲಿ ಇದನ್ನ ಪತ್ತೆ ಮಾಡಿದ್ರು, ಸ್ಕೀ ಪಟ್ರೋಲ್‌ನೋರಿಗೆ, ಅಂದ್ರೆ ಇಳಿಜಾರಲ್ಲಿ ಗಸ್ತು ತಿರುಗಿ ಬಿದ್ದೋರಿಗೆ ಸಹಾಯ ಮಾಡೋರಿಗೆ, ಇನ್‌ಸ್ಟ್ರಕ್ಟರ್‌ಗಳಿಗೆ ಬೀಳೋದು ಹೆಂಗೆ ಅಂತ ಹೇಳ್ಕೊಟ್ರು, ಅವ್ರಲ್ಲಿ ಗಂಭೀರ ಮಂಡಿ ಪೆಟ್ಟು ಅರ್ಧಕ್ಕಿಂತ ಹೆಚ್ಚು ಇಳೀತು. ಹೇಳ್ಕೊಟ್ಟಿದ್ದು ಇಷ್ಟೇ, ಕೈ ಮುಂದೆ ಇರ್ಲಿ, ಎರಡು ಸ್ಕೀ ಜೊತೆಗಿರ್ಲಿ, ಬಿದ್ರೆ ಕಾಲು ನೆಟ್ಟಗೆ ಮಾಡ್ಬೇಡಿ, ಜಾರೋದು ನಿಲ್ಲೋವರ್ಗೂ ಏಳ್ಬೇಡಿ. ಬಿದ್ರೆ ಬಿದ್ದು ಬಿಡಿ ಸ್ವಾಮಿ, ಹಿಮ ಮೆತ್ತಗಿರತ್ತೆ.

ಇದು ಹೊಸಬರಿಗೆ ಮಾತ್ರ ಅಂದ್ಕೋಬೇಡಿ. ಲಿಂಡ್ಸೆ ವಾನ್ ಅಂತ ಒಲಿಂಪಿಕ್ ಚಿನ್ನ ಗೆದ್ದೋರು, 2013ರಲ್ಲಿ ಆಸ್ಟ್ರಿಯಾದ ಶ್ಲಾಡ್ಮಿಂಗ್‌ನಲ್ಲಿ ವರ್ಲ್ಡ್ ಚಾಂಪಿಯನ್‌ಶಿಪ್ ರೇಸಲ್ಲಿ ಬಿದ್ದು ಬಲಮಂಡಿಯ ಎಸಿಎಲ್, ಎಂಸಿಎಲ್ ಎರಡೂ ಹರಿದು, ಮಂಡಿಯ ಕೆಳಗಿನ ಮೂಳೆಯ ತಲೆಯೂ ಬಿರುಕು ಬಿಡ್ತು. ಅಷ್ಟು ಕಲ್ತೋರಿಗೇ ಹಿಂಗೆ.

ಈಗ ಬೂಟ್‌ನ ಸ್ಕೀಗೆ ಕಚ್ಚಿಸೋ ಕ್ಲಿಪ್ ಬಗ್ಗೆ, ಅದಕ್ಕೆ ಬೈಂಡಿಂಗ್ ಅಂತಾರೆ. ಜೋರು ಹೆಚ್ಚಾದಾಗ ಬೂಟ್‌ನ ಬಿಟ್ಟುಬಿಡೋದು ಅದ್ರ ಕೆಲ್ಸ. ಎಷ್ಟು ಜೋರಿಗೆ ಬಿಡ್ಬೇಕು ಅಂತ ಒಂದು ನಂಬರ್ ಇಡ್ತಾರೆ, ಡಿನ್ ನಂಬರ್, ಅದನ್ನ ಲೆಕ್ಕ ಹಾಕೋದು ನಿಮ್ಮ ತೂಕ, ಎತ್ತರ, ವಯಸ್ಸು, ಬೂಟ್ ಅಟ್ಟೆಯ ಉದ್ದ, ನಿಮಗೆ ಎಷ್ಟು ಬರತ್ತೆ ಅನ್ನೋದ್ರ ಮೇಲೆ. ಬಾಡಿಗೆ ಅಂಗಡೀಲಿ ಕೇಳ್ತಾರೆ, ಅಲ್ಲಿ ಹುಡುಗ್ರು ಫ್ರೆಂಡ್ಸ್ ಮುಂದೆ ಎಕ್ಸ್‌ಪರ್ಟ್ ಅಂತ ಎದೆ ಉಬ್ಬಿಸ್ತಾರೆ, ಹೆಂಗಸ್ರು ತೂಕ ಐದಾರು ಕೆಜಿ ಇಳಿಸಿ ಹೇಳ್ತಾರೆ, ಗಂಡಸ್ರೂ ಕಮ್ಮಿಯಿಲ್ಲ. ನಂಬರ್ ಜಾಸ್ತಿ ಆದ್ರೆ ಬಿಡ್ಬೇಕಾದಾಗ ಬಿಡಲ್ಲ, ಕಮ್ಮಿ ಆದ್ರೆ ಬಿಡಬಾರದ ಕಡೆ ಬಿಟ್ಟು ಮುಖ ಅಡಿಯಾಗಿ ಬೀಳ್ತೀರ. ಕೇಳದೇನೇ ಸ್ಕೀ ಕೈಗೆ ಕೊಡೋ ಅಂಗಡಿ ಆದ್ರೆ ನೀವೇ ಕೇಳಿ, ಸೆಟ್ ಮಾಡಲ್ಲ ಅಂದ್ರೆ ಪಕ್ಕದ ಅಂಗಡಿಗೆ ಹೋಗಿ. ಬೂಟ್ ಅಡಿ ಅಂಟಿದ ಐಸ್ ಕೆರೆದು ಆಮೇಲೆ ಒಳಗೆ ಹಾಕಿ, ಅದೂ ಲೆಕ್ಕ ಕೆಡಿಸತ್ತೆ. ಒಂದು ಮಾತು, ಬೈಂಡಿಂಗ್ ಮೂಳೆ ಉಳಿಸೋಕೆ ಮಾಡಿರೋದು, ಮೊದ್ಲಷ್ಟು ಕಾಲು ಮುರಿಯಲ್ಲ ಈಗ, ಆದ್ರೆ ಹಿಂದಕ್ಕೆ ಕುಸಿದು ಎಸಿಎಲ್ ಹರಿಯೋದನ್ನ ಅದು ಪೂರ್ತಿ ತಡೆಯಲ್ಲ.

ಮಕ್ಕಳಿಗೆ ಮಂಡಿಗಿಂತ ಕೆಳಗಿನ ಮೂಳೆ, ಟಿಬಿಯಾ, ತಿರುಚಿ ಮುರಿಯೋದು ಜಾಸ್ತಿ. ಬೆಳೆಯೋ ಮಗು, ಮುಂದಿನ ವರ್ಷಕ್ಕೂ ಆಗತ್ತೆ ಅಂತ ಶಾಲೆ ಶೂ ತರ ದೊಡ್ಡ ಸೈಜ್ ಬೂಟ್ ತಗೊಳ್ಳೋದು ಇಲ್ಲಿ ನಡೆಯಲ್ಲ.

ಪಾದದ ವಿಷಯಕ್ಕೆ ಬಂದ್ರೆ, ಸಾಯೋಂಥದ್ದೇನಲ್ಲ ಆದ್ರೆ ಟ್ರಿಪ್ ಹಾಳು ಮಾಡತ್ತೆ. ಬೂಟ್ ದೊಡ್ಡದಾದ್ರೆ ಕಾಲು ಮುಂದೆ ಹೋಗಿ ಗುದ್ದಿ ಹೆಬ್ಬೆರಳ ಉಗುರು ಕಪ್ಪಾಗತ್ತೆ, ಮಂಡಿ ಕೆಳಗಿನ ಮೂಳೆ ಬೂಟ್ ನಾಲಗೆಗೆ ಬಡಿದು ಬಡಿದು ಕಾಲಿನ ಮುಂಭಾಗ ಮುಟ್ಟೋಕಾಗದಷ್ಟು ನೋವಾಗತ್ತೆ. ಚಳಿ ಅಂತ ಎರಡು ಸಾಕ್ಸ್ ಹಾಕ್ತಾರೆ, ಅದ್ರಿಂದ ರಕ್ತ ಓಡಾಟ ಕಮ್ಮಿ ಆಗಿ ಕಾಲು ಇನ್ನೂ ತಣ್ಣಗಾಗತ್ತೆ, ಒಂದೇ ಒಳ್ಳೇ ಉಣ್ಣೆ ಸಾಕ್ಸ್ ಸಾಕು. ಬೆರಳು ಜೋಮು ಹಿಡಿದು ಬೆಳ್ಳಗೆ ಮೇಣದ ಬಣ್ಣ ಬಂದ್ರೆ ಅದು ಫ್ರಾಸ್ಟ್‌ಬೈಟ್ ಇರ್ಬೋದು, ಒಳಗೆ ಹೋಗಿ, ತಿಕ್ಕಬೇಡಿ, ಹೋಟೆಲ್‌ನ ಬುಖಾರಿ ಒಲೆಗೆ ಕಾಲು ಹಿಡೀಬೇಡಿ, ಸ್ಪರ್ಶ ಇರಲ್ಲವಾದ್ರಿಂದ ಸುಟ್ಟಿದ್ದೂ ಗೊತ್ತಾಗಲ್ಲ, 37ರಿಂದ 39 ಡಿಗ್ರಿ ಉಗುರುಬೆಚ್ಚಗಿನ ನೀರಲ್ಲಿ ಇಡಿ, ಡಾಕ್ಟ್ರ ಹತ್ರ ಹೋಗಿ. ಸ್ನೋಬೋರ್ಡ್, ಅಂದ್ರೆ ಎರಡೂ ಕಾಲು ಒಂದೇ ಹಲಗೆಗೆ ಕಟ್ಟಿ ಜಾರೋದು, ಅದನ್ನ ಮಾಡೋರಿಗೆ ಇನ್ನೊಂದು, ಅವ್ರ ಬೂಟ್ ಮೆತ್ತಗಿರತ್ತೆ, ಹಾರಿ ಇಳಿಯುವಾಗ ಪಾದದ ಗಂಟಿನ ಹೊರಪಕ್ಕ ಟಾಲಸ್ ಅನ್ನೋ ಮೂಳೆಯ ಚೂರು ಮುರಿಯತ್ತೆ, ಎಕ್ಸ್‌ರೇನಲ್ಲಿ ಎಷ್ಟೋ ಸಲ ಕಾಣಲ್ಲ, ಉಳುಕು ಅಂತ ಕ್ರೇಪ್ ಬ್ಯಾಂಡೇಜ್ ಸುತ್ತಿ ಕಳಿಸ್ತಾರೆ. ನೋವು ಇಳಿಯದೇ ಇದ್ರೆ ಸಿಟಿ ಸ್ಕ್ಯಾನ್ ಬೇಕಾ ಅಂತ ಕೇಳಿ.

ಬಿದ್ದ ಜಾಗದಲ್ಲಿ ಕಾಲು ವಕ್ರ ಆಗಿದ್ರೆ, ಭಾರ ಹಾಕೋಕಾಗದಿದ್ರೆ ಬೂಟ್ ಎಳೆಯೋಕೆ ಹೋಗ್ಬೇಡಿ, ಮೇಲಿಂದ ಬರೋರಿಗೆ ಕಾಣೋ ಹಂಗೆ ಎರಡು ಸ್ಕೀ ಒಂದಕ್ಕೊಂದು ಅಡ್ಡ ಬರೋ ಹಂಗೆ ನೆಟ್ಟು, ಪಟ್ರೋಲ್‌ನೋರಿಗೆ ಕಾಯ್ತಾ ಇರಿ. ಮೂಳೆ ಮುರಿದ ಕಾಲು ಗಟ್ಟಿಯಾಗಿ ಬಿಗಿದು, ಬೆರಳು ಮೇಲೆತ್ತಿದ್ರೆ ಜೀವ ಹೋಗೋ ನೋವು ಬರ್ತಿದ್ರೆ, ಬೆಳಗಾಗ್ಲಿ ನೋಡೋಣ ಅನ್ನೋದು ಬೇಡ, ಅದು ಆಸ್ಪತ್ರೆಗೆ ಓಡೋ ವಿಷ್ಯ, ಒಳಗಿನ ಒತ್ತಡ ಜಾಸ್ತಿ ಆಗಿ ಮಾಂಸಖಂಡ ಸಾಯತ್ತೆ.

ಊರಿಗೆ ಬಂದ ಮೇಲೆ ಅಜ್ಜಿ ಎಣ್ಣೆ ಬಿಸಿ ಮಾಡ್ಕೊಂಡು ಕಾಯ್ತಾ ಇರ್ತಾರೆ. ಪ್ರೀತಿ ಸರಿ, ಆದ್ರೆ ಹೊಸದಾಗಿ ಊದಿರೋ ಮಂಡಿಗೆ ಮೊದ್ಲ ಎರಡ್ಮೂರು ದಿನ ತಿಕ್ಕೋದು, ಬಿಸಿ ಶಾಖ ಕೊಡೋದು ಬೇಡ, ಐಸ್ ಬಟ್ಟೆಯಲ್ಲಿ ಸುತ್ತಿ ಇಡಿ, ಎತ್ತರಕ್ಕೆ ಇಡಿ. ಎಕ್ಸ್‌ರೇ ನಾರ್ಮಲ್ ಅಂದ ತಕ್ಷಣ ಎದ್ದು ತೋಟ ಸುತ್ತೋಕೆ ಹೋಗ್ಬೇಡಿ, ಲಿಗಮೆಂಟ್ ಎಕ್ಸ್‌ರೇನಲ್ಲಿ ಕಾಣಲ್ಲ, ನಡೆಯುವಾಗ ಮಂಡಿ ಕೈಕೊಟ್ಟ ಹಂಗೆ ಆಗ್ತಿದ್ರೆ ಮೂಳೆ ಡಾಕ್ಟ್ರಿಗೆ ತೋರ್ಸಿ, ಎಂಆರ್‌ಐ ಬೇಕೋ ಬೇಡ್ವೋ ಅವ್ರು ಹೇಳ್ತಾರೆ. ಫ್ಲೈಟ್, ಬಸ್ಸಲ್ಲಿ ಕಾಲು ಮಡಚಿ ಕೂತು ಬಂದ ಮೇಲೆ ಮೀನಖಂಡ ಒಂದೇ ಕಡೆ ಊದಿ ನೋಯ್ತಿದ್ರೆ ರಕ್ತ ಹೆಪ್ಪುಗಟ್ಟಿರ್ಬೋದು, ಅದನ್ನಂತೂ ಯಾರೂ ತಿಕ್ಕಬೇಡಿ.

ಹೋಗೋ ಮುಂಚೆ ರೆಡಿ ಆಗೋದು ಹೇಗೆ ಅಂತ ಕೇಳ್ತಾರೆ. ದಿನಾ ತೋಟದ ಏರಿಳಿತ ನಡೆಯೋರಿಗೆ ತೊಡೆ ಗಟ್ಟಿ ಇರತ್ತೆ, ಕಂಪ್ಯೂಟರ್ ಮುಂದೆ ಕೂತೋರು ಒಂದೂವರೆ ತಿಂಗಳು ಮುಂಚೆಯಿಂದ ಸ್ಕ್ವಾಟ್, ಒಂಟಿ ಕಾಲಲ್ಲಿ ನಿಲ್ಲೋದು, ಮೆಟ್ಟಿಲು ಇಳಿಯೋದು ಶುರು ಮಾಡ್ಲಿ. ಗುಲ್ಮಾರ್ಗ್ ಊರೇ 2,650 ಮೀಟರ್ ಎತ್ತರ, ನಮ್ಮ ತಡಿಯಂಡಮೋಳ್ ಬೆಟ್ಟದ ತುದಿ 1,748, ಉಸಿರು ಬೇಗ ಸೋಲತ್ತೆ, ಸುಸ್ತಾದ ಕಾಲು ಮಾತು ಕೇಳಲ್ಲ. ಸಂಜೆ ಹೊತ್ತಿಗೆ ಲಾಸ್ಟ್ ಒಂದು ರೌಂಡ್ ಅಂತಾರಲ್ಲ, ಆ ರೌಂಡ್ ಬಿಟ್ಬಿಡಿ.

ಕೊನೆಗೆ ಪ್ರತಿ ವರ್ಷ ಬರೋ ಪ್ರಶ್ನೆ. ಜನವರಿಯಲ್ಲಿ ಎಸಿಎಲ್ ಹರೀತು, ಏಪ್ರಿಲ್‌ನಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಟೂರ್ನಮೆಂಟ್, 1997ರಿಂದ ನಮ್ಮೋರು ಆಡ್ತಾ ಬಂದಿದ್ದಾರೆ, ನಾನು ಇಳೀಬೋದಾ ಅಂತ. ಆಪರೇಷನ್ ಮಾಡಿಸಿದ್ರೂ ತಿರುಗಿ ಓಡೋ ಆಟಕ್ಕೆ ಕಮ್ಮಿ ಅಂದ್ರೂ ಒಂಬತ್ತು ತಿಂಗಳು ಬೇಕು, ಬೇಗ ಇಳಿದೋರಿಗೆ ಮತ್ತೆ ಹರಿಯೋ ಅಪಾಯ ಜಾಸ್ತಿ. ಆಪರೇಷನ್ ಬೇಡ ಅಂತ ಡಾಕ್ಟ್ರು ಹೇಳಿದ್ರೂ ತೊಡೆಯ ಶಕ್ತಿ ಎರಡೂ ಕಾಲಲ್ಲಿ ಹತ್ರ ಹತ್ರ ಸಮ ಆಗೋವರ್ಗೂ ಸ್ಟಿಕ್ ಮುಟ್ಬೇಡಿ. ಈ ವರ್ಷ ಗ್ಯಾಲರಿಯಲ್ಲಿ ಕೂತು ತಮ್ಮಂದಿರಿಗೆ ಕೂಗಿ. ನಮಸ್ಕಾರ.